ಗುಂಡಿಗೆಯ ಹೊದಿಕೆ

(ಬಾನುಲಿ ಭಾಷಣ)



ಹೃದಯವೆಂಬ ಮಾತನ್ನು ನಮ್ಮ ಕವಿಗಳು ಬಳಸಿರುವಷ್ಟು ಧಾರಾಳವಾಗಿ ವೈದ್ಯರು ಕೂಡ ಬಳಸಿಲ್ಲ. ಕಾವ್ಯದಲ್ಲಿ ಹೃದಯ ಅರಳುತ್ತದೆ, ಮರುಗುತ್ತದೆ, ಕರಗುತ್ತದೆ, ಒಡೆಯುತ್ತದೆ. ಆದರೆ ಈ ಹೃದಯಕ್ಕೆ ಒಂದು ಹೊದಿಕೆಯುಂಟು, ಆ ಹೊದಿಕೆಗೂ ಅದರದೇ ಆದ ಬೇನೆಗಳುಂಟು ಎಂಬ ಸಂಗತಿಯ ಕಡೆಗೆ ಸಾಹಿತ್ಯದ ಗಮನ ಹರಿದದ್ದನ್ನು ನಾನು ಕಾಣೆ. ವೈದ್ಯರು ಅದನ್ನು ಪೆರಿಕಾರ್ಡಿಯಂ ಎನ್ನುತ್ತಾರೆ, ಕನ್ನಡದಲ್ಲಿ ಹೃದಯಾವರಣವೆನ್ನಬಹುದು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಆವರಣಕ್ಕೆ ತಗಲುವ ಉರಿಯೂತವನ್ನು ಕುರಿತು. ಅದರಲ್ಲಿಯೂ ಆಫ್ರಿಕಾ ಖಂಡದ ಆಸ್ಪತ್ರೆಗಳಲ್ಲಿ, ದೊಡ್ಡವರಲ್ಲಿ ಹಾಗೂ ಮಕ್ಕಳಲ್ಲಿ, ಅದು ಯಾವ ಯಾವ ಕಾರಣಗಳಿಂದ ಬರುತ್ತದೆ ಎಂಬುದನ್ನು ಕುರಿತು. ಇಷ್ಟು ದೂರದ, ಇಷ್ಟು ಚಿಕ್ಕ ವಿಷಯವೇಕೆ ಎಂದು ನೀವು ಕೇಳಬಹುದು. ಒಂದೇ ಹೆಸರಿನ ಕಾಯಿಲೆ ನಾಡು ಬದಲಾದಂತೆ ಬೇರೆಯೇ ಕಾಯಿಲೆಯಾಗಬಲ್ಲದು. ಆ ವ್ಯತ್ಯಾಸವನ್ನರಿಯದೆ ಚಿಕಿತ್ಸೆಗೆ ಕೈಯಿಕ್ಕಿದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಈ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರದು.

ಮೊದಲು ಹೊದಿಕೆಯ ರಚನೆಯನ್ನು ನೋಡೋಣ. ಹೃದಯಾವರಣವೆಂದರೆ ಎರಡು ಪದರಗಳ ಒಂದು ಚೀಲ. ಒಳಪದರ ಹೃದಯಕ್ಕೆ ಅಂಟಿಕೊಂಡಿರುತ್ತದೆ. ಹೊರಪದರ ಗಟ್ಟಿಯಾದದ್ದು, ಸುಲಭವಾಗಿ ಹಿಗ್ಗದು. ಇವೆರಡರ ನಡುವೆ 15ರಿಂದ 50 ಮಿಲಿಲೀಟರಿನಷ್ಟು ತಿಳಿಯಾದ ದ್ರವ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಗುಂಡಿಗೆಯು ಎದೆಗೂಡಿನೊಳಗೆ ಉಜ್ಜದೆ ಸರಾಗವಾಗಿ ಆಡುವುದು ಈ ದ್ರವದ ಕೃಪೆಯಿಂದ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ.

ಉರಿಯೂತ ಹತ್ತಿದಾಗ ನುಣುಪಾಗಿದ್ದ ಪದರಗಳು ಒರಟಾಗುತ್ತವೆ. ರೋಗಿಗೆ ಎದೆಯಲ್ಲಿ ಚುಚ್ಚುವ ನೋವು. ಮಲಗಿದರೆ ಹೆಚ್ಚು, ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಕಡಿಮೆ. ಸ್ಟೆತಾಸ್ಕೋಪನ್ನಿಟ್ಟು ಆಲಿಸಿದರೆ ಹೊಸ ಚರ್ಮ ಕಿರುಗುಟ್ಟಿದಂಥ ಸದ್ದು ಕೇಳುತ್ತದೆ. ಬೇನೆ ಮುಂದುವರಿದರೆ ಚೀಲದೊಳಗೆ ನೀರು ತುಂಬತೊಡಗುತ್ತದೆ. ನಿಧಾನವಾಗಿ ತುಂಬಿದರೆ ಚೀಲ ಹಿಗ್ಗಿ ಒಂದು ಲೀಟರಿಗೂ ಮಿಕ್ಕಿ ಹಿಡಿದೀತು. ತ್ವರೆಯಿಂದ ತುಂಬಿದರೆ ಅದರ ಕಾಲುಭಾಗವೇ ಮಾರಕವಾದೀತು. ಹೊರಗಿನಿಂದ ಒತ್ತುವ ನೀರಿನ ಭಾರಕ್ಕೆ ಹೃದಯದ ಕೋಣೆಗಳು ಅರಳಲಾರವು. ತಾನೇ ತುಂಬಿಕೊಳ್ಳಲಾರದ ಹೃದಯ ದೇಹಕ್ಕೆ ಕೊಡುವುದೇನನ್ನು? ಕುತ್ತಿಗೆಯ ರಕ್ತನಾಳಗಳು ಉಬ್ಬುತ್ತವೆ, ರಕ್ತದೊತ್ತಡ ಇಳಿಯುತ್ತದೆ, ಉಸಿರೆಳೆದುಕೊಂಡಾಗಲೆಲ್ಲ ನಾಡಿ ಕೈಗೆ ಸಿಗದಷ್ಟು ಕ್ಷೀಣಿಸುತ್ತದೆ. ನಾಡಿಯ ಈ ವೈಚಿತ್ರ್ಯವನ್ನು ಜರ್ಮನಿಯ ವೈದ್ಯ ಕುಸ್ಮಾಲ್ ಅವರು 1873ರಲ್ಲಿಯೇ ಬಣ್ಣಿಸಿದ್ದರು. ಆ ಗಳಿಗೆಯಲ್ಲಿ ರೋಗಿಯನ್ನು ಉಳಿಸುವುದು ಎದೆಗೂಡಿನ ಕೆಳಗಿನಿಂದ ಚೀಲದೊಳಕ್ಕೆ ಹೋಗುವ ಒಂದು ಉದ್ದನೆಯ ಸೂಜಿ. ನೀರನ್ನು ಹೊರತೆಗೆದೊಡನೆ ಮುಖಕ್ಕೆ ಕಳೆ ಮರಳುತ್ತದೆ.

ಇದರ ಮುಂದಿನ ಅವಸ್ಥೆ ಇನ್ನೊಂದಿದೆ. ಕೆಲವರಲ್ಲಿ ನೀರು ಇಂಗಿದ ಮೇಲೆ ಪದರಗಳು ಒಂದಕ್ಕೊಂದು ಬೆಸೆದುಕೊಂಡು ದಪ್ಪನಾಗಿ, ಕೆಲವೊಮ್ಮೆ ಸುಣ್ಣಗಟ್ಟಿ, ಹೃದಯವನ್ನು ಚಿಪ್ಪಿನೊಳಗೆ ಸೆರೆಹಿಡಿದಂತೆ ಬಿಗಿಯುತ್ತವೆ. ಕಾಲು ಬಾತುಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಆಗ ಶಸ್ತ್ರವೈದ್ಯರು ಎದೆಯನ್ನು ತೆರೆದು ಆ ಚಿಪ್ಪನ್ನು ಸುಲಿದು ತೆಗೆಯಬೇಕು.

ಇನ್ನು ಕಾರಣಗಳ ವಿಚಾರ. ನಾನು ವೈದ್ಯಶಾಸ್ತ್ರವನ್ನು ಕಲಿತದ್ದು, ನನ್ನ ಪೀಳಿಗೆಯ ಎಲ್ಲರಂತೆ, ಇಂಗ್ಲೆಂಡ್ ಅಮೆರಿಕಗಳಲ್ಲಿ ಬರೆದ ಗ್ರಂಥಗಳಿಂದ. ಆ ಗ್ರಂಥಗಳಲ್ಲಿ ಈ ಬೇನೆಗೆ ಕೊಟ್ಟಿರುವ ಸ್ಥಾನ ಅಷ್ಟೇನೂ ಭಯಂಕರವಾದುದಲ್ಲ. ಬಹುಪಾಲು ರೋಗಿಗಳಲ್ಲಿ ಕಾರಣ ಪತ್ತೆಯಾಗುವುದಿಲ್ಲ. ಯಾವುದೋ ವೈರಸ್ಸಿನ ಕೆಲಸವಿರಬೇಕೆಂದು ಊಹಿಸಿ, ನೋವು ಮತ್ತು ಉರಿಯೂತವನ್ನು ತಗ್ಗಿಸುವ ಔಷಧವನ್ನು ಕೊಟ್ಟು, ಕೆಲವು ವಾರ ವಿಶ್ರಾಂತಿ ಪಡೆಯಲು ಹೇಳುತ್ತಾರೆ. ಹೆಚ್ಚಿನವರು ಗುಣಹೊಂದುತ್ತಾರೆ. ಅಲ್ಲಿ ಕ್ಷಯದಿಂದ ಈ ಬೇನೆ ಬರುವುದು ನೂರಕ್ಕೆ ಐದಕ್ಕಿಂತಲೂ ಕಡಿಮೆ ಮಂದಿಗೆ.

ಈ ಗ್ರಂಥವನ್ನು ಮುಚ್ಚಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರಕ್ಕೆ ಬರೋಣ. ಅಲ್ಲಿನ ಟೈಗರ್‌ಬರ್ಗ್ ಆಸ್ಪತ್ರೆಯ ವೈದ್ಯರು, ಹೃದಯಾವರಣದಲ್ಲಿ ಹೆಚ್ಚು ನೀರು ತುಂಬಿಕೊಂಡು ಬಂದ 233 ರೋಗಿಗಳನ್ನು ಒಬ್ಬರನ್ನೂ ಬಿಡದೆ ಕ್ರಮವಾಗಿ ಪರೀಕ್ಷಿಸಿ, ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ಅವರಲ್ಲಿ 162 ಮಂದಿಗೆ, ಎಂದರೆ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ, ಕಾರಣ ಕ್ಷಯ. ಅಲ್ಲಿ ಐದಕ್ಕಿಂತ ಕಡಿಮೆ, ಇಲ್ಲಿ ಎಪ್ಪತ್ತು! ಲಂಡನ್ನಿನಲ್ಲಿ ವಿಶ್ರಾಂತಿಯಿಂದ ಮಾಯವಾಗುವ ಬೇನೆಗೆ ಕೇಪ್‌ಟೌನಿನಲ್ಲಿ ಆರು ತಿಂಗಳ ಕ್ಷಯಚಿಕಿತ್ಸೆ ಬೇಕು. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನವರು ಉಳಿಯರು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಇವು ಆಸ್ಪತ್ರೆಯ ಲೆಕ್ಕಗಳು. ಎದೆಯಲ್ಲಿ ನಾಲ್ಕು ದಿನ ನೋವು ಬಂದು ತಾನಾಗಿ ಹೋದ ರೈತ ಇಪ್ಪತ್ತು ಮೈಲಿ ನಡೆದು ಆಸ್ಪತ್ರೆಗೆ ಬರುವುದಿಲ್ಲ. ವೈರಸ್ಸಿನ ಉರಿಯೂತ ಆಫ್ರಿಕಾದಲ್ಲಿಯೂ ಇದ್ದೇ ಇದೆ. ಅದು ವೈದ್ಯರ ಕಣ್ಣಿಗೆ ಬೀಳುವುದು ಕಡಿಮೆ. ಬಾಗಿಲವರೆಗೆ ಬರುವವನು ಉಸಿರಾಡಲಾರದವನು, ಹೊಟ್ಟೆ ಕಾಲು ಊದಿಕೊಂಡವನು. ಆದರೆ ವೈದ್ಯರು ಉತ್ತರ ಹೇಳಬೇಕಾದದ್ದು ಬಾಗಿಲಿಗೆ ಬಂದವನಿಗೇ ಅಲ್ಲವೇ?

ಕ್ಷಯವೆಂದೊಡನೆ ನಮಗೆ ನೆನಪಾಗುವುದು ಕೆಮ್ಮು, ಕಫ, ಶ್ವಾಸಕೋಶ. ಆದರೆ ಕ್ಷಯದ ಕ್ರಿಮಿ ಶ್ವಾಸಕೋಶದಲ್ಲಿಯೇ ನಿಲ್ಲುವಂಥದಲ್ಲ. ಎದೆಯ ನಡುವಿನ ದುಗ್ಧರಸ ಗ್ರಂಥಿಗಳಲ್ಲಿ ಅದು ಅಡಗಿರುತ್ತದೆ. ಅವು ಹೃದಯಾವರಣದ ನೆರೆಮನೆಯಲ್ಲಿವೆ. ಅಲ್ಲಿಂದ ನುಸುಳಿಯೋ, ರಕ್ತದ ಮೂಲಕವೋ ಅದು ಚೀಲವನ್ನು ಸೇರುತ್ತದೆ. ಸೇರಿದ ಕ್ರಿಮಿಗಳು ಎಣಿಕೆಗೆ ಅಲ್ಪ. ದೇಹ ಅವುಗಳ ಮೇಲೆ ಹೂಡುವ ಸಮರವೇ ಅಪಾರ. ಚೀಲವನ್ನು ತುಂಬುವ, ಅನೇಕ ವೇಳೆ ರಕ್ತ ಬೆರೆತು ಕೆಂಪಾದ ಆ ನೀರು ಈ ಸಮರದ ಫಲ.

ಯಾರ ದೇಹದಲ್ಲಿ ಕ್ಷಯ ಹೀಗೆ ಪ್ರಬಲವಾಗುತ್ತದೆ ಎಂದು ಕೇಳಿದರೆ ನಾವು ವೈದ್ಯಶಾಸ್ತ್ರದ ಎಲ್ಲೆಯನ್ನು ದಾಟಬೇಕಾಗುತ್ತದೆ. ದಕ್ಷಿಣ ಆಫ್ರಿಕಾದ ಪೂರ್ವಭಾಗದಲ್ಲಿ ಟ್ರಾನ್ಸ್‌ಕೈ ಎಂಬ ಪ್ರದೇಶವಿತ್ತು. ವರ್ಣಭೇದದ ಸರ್ಕಾರ 1976ರಲ್ಲಿ ಅದನ್ನು ಪ್ರತ್ಯೇಕ ದೇಶವೆಂದು ಘೋಷಿಸಿತು; ಹೊರಜಗತ್ತು ಅದನ್ನು ಮನ್ನಿಸಲಿಲ್ಲ; 1994ರಲ್ಲಿ ಅದು ಮತ್ತೆ ದಕ್ಷಿಣ ಆಫ್ರಿಕಾದಲ್ಲಿ ಬೆರೆಯಿತು. ಆ ನಾಡಿನ ಗಂಡಸರು ತಲೆಮಾರುಗಳ ಕಾಲ ದೂರದ ಚಿನ್ನದ ಗಣಿಗಳಿಗೆ ಕೂಲಿಗೆ ಹೋದರು. ಗಣಿಯ ಕಲ್ಲಿನ ಧೂಳು ಶ್ವಾಸಕೋಶವನ್ನು ಹಾಳುಮಾಡಿ ಕ್ಷಯಕ್ಕೆ ಹಾಸಿಗೆ ಹಾಸುತ್ತದೆ. ಕೂಲಿಗಳನ್ನು ಒತ್ತೊತ್ತಾಗಿ ಮಲಗಿಸಿದ ವಠಾರಗಳು ಅದನ್ನು ಒಬ್ಬರಿಂದೊಬ್ಬರಿಗೆ ಹಂಚುತ್ತವೆ. ದುಡಿಯಲಾರದಾದವನು ಊರಿಗೆ ಮರಳುತ್ತಾನೆ, ಬೇನೆಯೊಂದಿಗೆ. ಕೋಲಾರದ ಗಣಿಗಳ ಚರಿತ್ರೆಯನ್ನು ಬಲ್ಲ ನಮಗೆ ಕಲ್ಲಿನ ಧೂಳಿನ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಟ್ರಾನ್ಸ್‌ಕೈಯಲ್ಲಿ ಡಾಕ್ಟರ್ ಸ್ಟ್ರಾಂಗ್ ಮತ್ತು ಅವರ ಸಂಗಡಿಗರು, ಕ್ಷಯದಿಂದ ಹೃದಯಾವರಣ ಕೆಟ್ಟ ನೂರಾರು ರೋಗಿಗಳ ಮೇಲೆ ಎರಡು ಶಿಸ್ತಾದ ಅಧ್ಯಯನಗಳನ್ನು ನಡೆಸಿದರು. ಚೀಲ ಬಿಗಿದವರು 143 ಮಂದಿ, ನೀರು ತುಂಬಿದವರು 240 ಮಂದಿ. ಕ್ಷಯದ ಔಷಧದೊಡನೆ ಪ್ರೆಡ್ನಿಸೊಲೋನ್ ಎಂಬ ಉರಿಯೂತನಾಶಕವನ್ನೂ ಕೊಟ್ಟರೆ ಲಾಭವುಂಟೇ ಎಂಬುದು ಅವರ ಪ್ರಶ್ನೆ. ಲಾಭವುಂಟೆಂದು ತೋರಿತು. 1987 ಮತ್ತು 1988ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇವು ಪ್ರಕಟವಾದವು. ಮೂಲೆಗೊತ್ತಿದ ಒಂದು ನಾಡು ಜಗತ್ತಿನ ವೈದ್ಯರಿಗೆ ಪಾಠ ಹೇಳಿತು.

ಆದರೆ ಅಷ್ಟರಲ್ಲಿ ರೋಗದ ಭೂಮಿಕೆಯೇ ಬದಲಾಗತೊಡಗಿತ್ತು. ಎಚ್.ಐ.ವಿ. ಬಂದಿತು. ಅದು ದೇಹದ ಕಾವಲುಪಡೆಯನ್ನೇ ಕೊಲ್ಲುವ ವೈರಸ್. ಕಾವಲಿಲ್ಲದ ಮನೆಗೆ ಮೊದಲು ನುಗ್ಗಿದ ಕಳ್ಳ ಕ್ಷಯ. ಆಫ್ರಿಕಾದ ಅನೇಕ ನಗರಗಳಲ್ಲಿ, ಹೃದಯಾವರಣದಲ್ಲಿ ನೀರು ತುಂಬಿದ ತರುಣನನ್ನು ಕಂಡರೆ ಎಚ್.ಐ.ವಿ. ಮತ್ತು ಕ್ಷಯ ಎರಡನ್ನೂ ಒಟ್ಟಿಗೆ ಶಂಕಿಸುವುದು ವೈದ್ಯರಿಗೆ ರೂಢಿಯಾಯಿತು. ಎಚ್.ಐ.ವಿ. ಇದ್ದವರಲ್ಲಿ ಕ್ರಿಮಿಗಳ ಸಂಖ್ಯೆ ಹೆಚ್ಚು, ಸಾವು ಹೆಚ್ಚು. ಆದರೆ ದೇಹಕ್ಕೆ ಹೋರಾಡುವ ಶಕ್ತಿ ಕುಂದಿರುವುದರಿಂದ ಚೀಲ ಗಟ್ಟಿಯಾಗಿ ಬಿಗಿಯುವುದು ಮಾತ್ರ ಕಡಿಮೆ. ಇದರೊಡನೆ ಕಪೋಸಿ ಸಾರ್ಕೋಮ ಎಂಬ ಅರ್ಬುದವೂ ಲಿಂಫೋಮಗಳೂ ಕೆಲವರ ಹೃದಯಾವರಣವನ್ನು ಸೇರಿಕೊಂಡವು.

ಇನ್ನು ಮಕ್ಕಳ ಮಾತು. ಇಲ್ಲಿ ಚಿತ್ರ ಮತ್ತೊಮ್ಮೆ ಬದಲಾಗುತ್ತದೆ. ನೈಜೀರಿಯದ ಇಬಾದಾನ್ ನಗರದ ಮಕ್ಕಳ ವೈದ್ಯರು 1979ರಲ್ಲಿ ತಮ್ಮಲ್ಲಿಗೆ ಬಂದ ಮಕ್ಕಳ ಹೃದಯಾವರಣದ ಸೋಂಕುಗಳನ್ನು ವಿವರಿಸಿದರು. ಅಲ್ಲಿ ಎದ್ದು ಕಾಣುವುದು ಕೀವು. ಅದನ್ನು ತರುವ ಪ್ರಮುಖ ಕ್ರಿಮಿ ಸ್ಟಫಿಲೊಕಾಕಸ್, ನಮ್ಮ ಮಕ್ಕಳ ಮೈಮೇಲೆ ಬೇಸಗೆಯಲ್ಲಿ ಕುರು ಏಳಿಸುವ ಅದೇ ಕ್ರಿಮಿ. ಮಗುವಿಗೆ ಕಾಲಿನಲ್ಲಿ ಒಂದು ಕುರು ಆಗಿರುತ್ತದೆ; ಅಥವಾ ಮೂಳೆಯೊಳಗೆ ಕೀವಾಗಿರುತ್ತದೆ; ಅಥವಾ ದಡಾರ ಬಂದು ಹೋದ ಮೇಲೆ ನ್ಯುಮೋನಿಯಾ ಹಿಡಿದಿರುತ್ತದೆ. ಅಲ್ಲಿಂದ ಕ್ರಿಮಿ ರಕ್ತದಲ್ಲಿ ತೇಲಿ ಬಂದೋ, ಪಕ್ಕದ ಶ್ವಾಸಕೋಶದಿಂದ ನೇರವಾಗಿಯೋ ಹೃದಯದ ಚೀಲವನ್ನು ಹೊಗುತ್ತದೆ. ಜ್ವರ ಏರುತ್ತದೆ, ಮಗು ಏದುಸಿರುಬಿಡುತ್ತದೆ. ನ್ಯುಮೋನಿಯಾ ಇದೆಯೆಂದು ಗೊತ್ತಿರುವುದರಿಂದಲೇ ಹೃದಯದ ಕಡೆಗೆ ವೈದ್ಯರ ಲಕ್ಷ್ಯ ತಡವಾಗಿ ಹೋಗುವ ಅಪಾಯವುಂಟು. ದೊಡ್ಡವರ ಕ್ಷಯದಲ್ಲಿ ವಾರಗಳ ಅವಕಾಶವಿದ್ದರೆ ಮಗುವಿನ ಕೀವಿನಲ್ಲಿ ಇರುವುದು ದಿನಗಳು, ಕೆಲವೊಮ್ಮೆ ಗಂಟೆಗಳು. ಬರಿಯ ಔಷಧ ಸಾಲದು. ಕೀವನ್ನು ಹೊರಕ್ಕೆ ಹರಿಸಲೇಬೇಕು. ಹರಿಸದಿದ್ದರೆ ಮಗು ಬದುಕುವುದು ತೀರ ಅಪರೂಪ.

ಹಾಗೆಂದು ಮಕ್ಕಳಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಕೇಪ್‌ಟೌನಿನ ರೆಡ್‌ಕ್ರಾಸ್ ಮಕ್ಕಳ ಆಸ್ಪತ್ರೆಯ ವೈದ್ಯರು 1994ರಲ್ಲಿ ಕ್ಷಯದಿಂದ ಹೃದಯಾವರಣ ಕೆಟ್ಟ 44 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಮಗುವಿಗೆ ಕ್ಷಯ ಬಂದಿದೆಯೆಂದರೆ ಬಹುಮಟ್ಟಿಗೆ ಅದೇ ಮನೆಯ ಹಿರಿಯರೊಬ್ಬರು ಕೆಮ್ಮುತ್ತಿದ್ದಾರೆಂದೇ ಅರ್ಥ. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಮೂರನೆಯ ಕಾರಣವೊಂದುಂಟು: ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ. ಅದು ಕೀಲುಗಳನ್ನು ನೋಯಿಸಿ, ಹೃದಯದ ಕವಾಟಗಳನ್ನು ಕೆಡಿಸುವುದರ ಜೊತೆಗೆ ಹೊದಿಕೆಯನ್ನೂ ಮುಟ್ಟುತ್ತದೆ.

ಇಷ್ಟಕ್ಕೇ ಪಟ್ಟಿ ಮುಗಿಯುವುದಿಲ್ಲ. ಆಮಶಂಕೆಯನ್ನು ತರುವ ಅಮೀಬಾ ಕೆಲವರ ಯಕೃತ್ತಿನಲ್ಲಿ ಬಾವು ಕಟ್ಟುತ್ತದೆ. ಯಕೃತ್ತಿನ ಎಡಭಾಗಕ್ಕೂ ಹೃದಯಾವರಣಕ್ಕೂ ನಡುವೆ ಇರುವುದು ವಪೆಯೊಂದೇ. ಬಾವು ಮೇಲಕ್ಕೆ ಒಡೆದರೆ ಕೀವು ಹೃದಯದ ಚೀಲಕ್ಕೇ ಸುರಿಯುತ್ತದೆ. ಮೂತ್ರಪಿಂಡಗಳು ಸೋತವರಲ್ಲಿ ದೇಹದ ಕಶ್ಮಲವೇ ಉರಿಯೂತ ತರುತ್ತದೆ. ರಕ್ತವನ್ನು ಶೋಧಿಸುವ ಯಂತ್ರ ದುರ್ಲಭವಾದ ಕಡೆ ಇದು ದೊಡ್ಡ ಸಂಕಟ. ಲ್ಯೂಪಸ್‌ನಂತಹ ರೋಗಗಳಿವೆ, ಬೇರೆಡೆಯಿಂದ ಹರಡುವ ಅರ್ಬುದಗಳಿವೆ. ವೇಷ ಹಾಕಿಕೊಂಡು ಬರುವ ಕಾಯಿಲೆಯೂ ಒಂದಿದೆ. ಉಗಾಂಡದ ಕಂಪಾಲದಲ್ಲಿ ಡೇವಿಸ್ ಎಂಬ ವೈದ್ಯರು 1948ರ ಸುಮಾರಿಗೆ ಹೃದಯದ ಒಳಗೋಡೆ ನಾರುಗಟ್ಟುವ ಒಂದು ರೋಗವನ್ನು ಗುರುತಿಸಿದರು. ನಮ್ಮ ನೆರೆಯ ಕೇರಳದ ಕರಾವಳಿಯಲ್ಲಿಯೂ ಅದು ಕಂಡುಬಂದಿತು. ಅದರ ಊದಿಕೆ, ಜಲೋದರಗಳೆಲ್ಲ ಬಿಗಿದ ಹೃದಯಾವರಣದಂತೆಯೇ ತೋರುತ್ತವೆ. ಒಂದರಲ್ಲಿ ಹೊರಗಿನ ಚಿಪ್ಪನ್ನು ಸುಲಿದರೆ ಗುಣ; ಇನ್ನೊಂದರಲ್ಲಿ ಸುಲಿಯಲು ಹೊರಗೆ ಚಿಪ್ಪೇ ಇಲ್ಲ.

ಇಷ್ಟೊಂದು ಕಾರಣಗಳಿರುವಾಗ ಪರೀಕ್ಷೆ ಮಾಡಿ ನೋಡಬಾರದೇ ಎಂದು ನೀವು ಕೇಳುವಿರಿ. ಬಿಕ್ಕಟ್ಟು ಇರುವುದು ಅಲ್ಲಿಯೇ. ಕೀವಾದರೆ ಸೂಜಿಯಲ್ಲಿ ಬಂದೊಡನೆ ಕಣ್ಣಿಗೆ ಕಾಣುತ್ತದೆ. ಕ್ಷಯದಲ್ಲಿ ಕ್ರಿಮಿಗಳು ಅಲ್ಪವಾದ್ದರಿಂದ ಸೂಕ್ಷ್ಮದರ್ಶಕಕ್ಕೆ ಸಿಗುವುದು ವಿರಳ. ಪ್ರಯೋಗಶಾಲೆಯಲ್ಲಿ ಅವನ್ನು ಬೆಳೆಸಿ ನೋಡಬೇಕೆಂದರೆ ವಾರಗಟ್ಟಲೆ ಕಾಯಬೇಕು. ಅಷ್ಟು ಕಾಲ ರೋಗಿ ಕಾಯಲಾರ. ನೀರಿನಲ್ಲಿರುವ ಒಂದು ಕಿಣ್ವದ ಪ್ರಮಾಣವನ್ನು ಅಳೆಯುವ ಪರೀಕ್ಷೆ ನೆರವಿಗೆ ಬರುತ್ತದೆ. ಕ್ರಿಮಿಯ ವಂಶವಾಹಿಯನ್ನು ಎರಡು ಗಂಟೆಗಳಲ್ಲಿ ಗುರುತಿಸುವ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿಗೆ ಕೊಟ್ಟಿತು; ಆದರೂ ಹೃದಯಾವರಣದ ನೀರಿನಲ್ಲಿ ಅದಕ್ಕೂ ಎಷ್ಟೋ ಸಲ ಕ್ರಿಮಿ ತಪ್ಪಿಸಿಕೊಳ್ಳುತ್ತದೆ. ಹೀಗಾಗಿ ಆಫ್ರಿಕಾದ ವೈದ್ಯರು ಒಂದು ಮಾರ್ಗ ಹಿಡಿದರು: ಬೇರೆ ಕಾರಣ ಗೋಚರಿಸದಿದ್ದರೆ ಕ್ಷಯವೆಂದೇ ಭಾವಿಸಿ ಔಷಧವನ್ನು ಆರಂಭಿಸುವುದು.

ಈ ಮಾರ್ಗ ಎಷ್ಟೋ ಜೀವಗಳನ್ನು ಉಳಿಸಿತು. ಆದರೆ ಅದರ ಬೆಲೆಯೇನು? ಬೊಂಗಾನಿ ಮಯೋಸಿ ಎಂಬ ವೈದ್ಯರು ಈ ಪ್ರಶ್ನೆಯನ್ನು ಎತ್ತಿದರು. ಅವರು 1967ರಲ್ಲಿ ಅದೇ ಟ್ರಾನ್ಸ್‌ಕೈಯಲ್ಲಿ ಹುಟ್ಟಿದವರು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಪ್‌ಟೌನಿನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಮನುಷ್ಯನ ಹೃದಯವನ್ನೇ ಬದಲಿಸಿ ಜಗತ್ತನ್ನು ಬೆರಗುಗೊಳಿಸಿದರು. ಮುಂದೆ ಅದೇ ಆಸ್ಪತ್ರೆಯ ವೈದ್ಯವಿಭಾಗದ ಮುಖ್ಯಸ್ಥರಾದ ಮಯೋಸಿ ಆರಿಸಿಕೊಂಡದ್ದು ಬಡವರ ಹೃದಯದ ಹೊದಿಕೆಯನ್ನು. 2004ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕ್ಯಾಮೆರೂನ್, ನೈಜೀರಿಯ, ದಕ್ಷಿಣ ಆಫ್ರಿಕಾಗಳ 15 ಆಸ್ಪತ್ರೆಗಳಲ್ಲಿ ಕ್ಷಯವೆಂದು ಭಾವಿಸಿ ಚಿಕಿತ್ಸೆ ಪಡೆದ 185 ರೋಗಿಗಳನ್ನು ದಾಖಲಿಸಿ, ಆರು ತಿಂಗಳು ಹಿಂಬಾಲಿಸಿದರು. ನೂರಕ್ಕೆ 26 ಮಂದಿ ಸತ್ತಿದ್ದರು. ಯಾರು ಹೆಚ್ಚಾಗಿ ಸತ್ತರು? ಎಚ್.ಐ.ವಿ. ಲಕ್ಷಣಗಳಿದ್ದವರು, ವಯಸ್ಸಾದವರು, ಶ್ವಾಸಕೋಶದಲ್ಲಿಯೂ ಕ್ಷಯವಿದ್ದವರು. ಇವರೆಲ್ಲರಿಗಿಂತ ಹೆಚ್ಚಿನ ಅಪಾಯ ಇನ್ನೊಂದು ಗುಂಪಿಗೆ: ತಮಗಿರುವುದು ಕ್ಷಯವಲ್ಲ, ಬೇರೆ ರೋಗ ಎಂದು ಕೊನೆಗೆ ರುಜುವಾತಾದ ಕೆಲವರಿಗೆ.

ಈ ಒಂದು ವಾಕ್ಯಕ್ಕಾಗಿಯೇ ನಾನು ಈ ವಿಷಯವನ್ನು ಆರಿಸಿಕೊಂಡೆನೆಂದರೂ ಸಲ್ಲುತ್ತದೆ. ಇಂಗ್ಲೆಂಡಿನ ಗ್ರಂಥವನ್ನು ನಂಬಿ ಕ್ಷಯವನ್ನು ಮರೆತರೆ ಬಹುಜನಕ್ಕೆ ಹಾನಿ. ಆಫ್ರಿಕಾದ ಅನುಭವವನ್ನು ನಂಬಿ ಎಲ್ಲವೂ ಕ್ಷಯವೆಂದು ನಿಶ್ಚಿಂತೆಯಿಂದ ಕುಳಿತರೆ, ಉಳಿದ ಕೆಲವರಿಗೆ ಅದೇ ಮೃತ್ಯು. ನೂರರಲ್ಲಿ ಎಪ್ಪತ್ತು ಎಂಬುದು ಊರಿನ ಲೆಕ್ಕ. ಮಂಚದ ಮೇಲೆ ಮಲಗಿರುವವನಿಗೆ ಇರುವುದು ಒಂದೇ ರೋಗ. ಆದ್ದರಿಂದ ಔಷಧವನ್ನು ಇಂದೇ ಕೊಡಬೇಕು, ಅನುಮಾನವನ್ನು ನಾಳೆಗೂ ಉಳಿಸಿಕೊಳ್ಳಬೇಕು. ಎರಡು ವಾರ ಕಳೆದರೂ ಜ್ವರ ಇಳಿಯದಿದ್ದರೆ, ನೀರು ಮತ್ತೆ ತುಂಬಿದರೆ, ಮತ್ತೊಮ್ಮೆ ಸೂಜಿ ಹಿಡಿಯುವ, ಮತ್ತೊಮ್ಮೆ ಪ್ರಶ್ನೆ ಕೇಳುವ ತಾಳ್ಮೆ ಬೇಕು.

ಮಯೋಸಿಯವರ ತಂಡ ಅಲ್ಲಿಗೆ ನಿಲ್ಲಲಿಲ್ಲ. ಎಂಟು ಆಫ್ರಿಕನ್ ದೇಶಗಳ 19 ಆಸ್ಪತ್ರೆಗಳಲ್ಲಿ 1,400 ರೋಗಿಗಳನ್ನೊಳಗೊಂಡ ದೊಡ್ಡ ಅಧ್ಯಯನವೊಂದನ್ನು ಅವರು ನಡೆಸಿದರು. ಅದರ ಹೆಸರು ಇಂಪಿ. ಜುಲು ಭಾಷೆಯಲ್ಲಿ ಅದಕ್ಕೆ ಸೇನೆಯೆಂದು ಅರ್ಥ. ಅದರಲ್ಲಿ ಭಾರತದ ಪಾಲೂ ಒಂದಿತ್ತು. ಪ್ರೆಡ್ನಿಸೊಲೋನಿನ ಜೊತೆಗೆ ಪರೀಕ್ಷೆಗೊಳಗಾದ ಇನ್ನೊಂದು ಮದ್ದು, ದೆಹಲಿಯಲ್ಲಿ ಪ್ರೊಫೆಸರ್ ಜಿ. ಪಿ. ತಲವಾರ್ ಅವರು ಕುಷ್ಠರೋಗದ ಲಸಿಕೆಗಾಗಿ ಸಿದ್ಧಪಡಿಸಿದ ನಿರುಪದ್ರವಿ ಕ್ರಿಮಿ. ಅದರ ಹೆಸರೇ ಮೈಕೋಬ್ಯಾಕ್ಟೀರಿಯಂ ಇಂಡಿಕಸ್ ಪ್ರಾನಿ. 2014ರಲ್ಲಿ ಫಲಿತಾಂಶ ಹೊರಬಂದಿತು. ಸಾವು, ನೀರಿನ ಒತ್ತಡ, ಚೀಲದ ಬಿಗಿತ, ಈ ಮೂರನ್ನೂ ಒಟ್ಟಾಗಿ ಲೆಕ್ಕಹಾಕಿದಾಗ ಎರಡು ಮದ್ದುಗಳೂ ಗಣನೀಯ ಲಾಭ ತರಲಿಲ್ಲ. ಕೊಟ್ಟರೂ ಕೊಡದಿದ್ದರೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಮೂರರಲ್ಲಿ ಒಂದು ಒದಗಿತು. ಪ್ರೆಡ್ನಿಸೊಲೋನ್ ಪಡೆದವರಲ್ಲಿ ಚೀಲ ಬಿಗಿಯುವುದು ನೂರಕ್ಕೆ 7.8ರಿಂದ 4.4ಕ್ಕೆ ಇಳಿಯಿತು, ಆದರೆ ಎಚ್.ಐ.ವಿ. ಇದ್ದವರಲ್ಲಿ ಅರ್ಬುದಗಳು ಹೆಚ್ಚಿದವು. ಆ ಅಧ್ಯಯನದ ಮೂವರಲ್ಲಿ ಇಬ್ಬರಿಗೆ ಎಚ್.ಐ.ವಿ. ಇತ್ತೆಂಬುದನ್ನು ನೆನೆದರೆ ಈ ಎಚ್ಚರಿಕೆಯ ತೂಕ ತಿಳಿಯುತ್ತದೆ. 1980ರ ದಶಕದ ಟ್ರಾನ್ಸ್‌ಕೈಯಲ್ಲಿ ಮೇಲೆನಿಸಿದ ಮದ್ದು ಎಚ್.ಐ.ವಿ. ಬಂದ ಮೇಲೆ ಅದೇ ನೆಲದಲ್ಲಿ ತೂಗಿನೋಡಿ ಕೊಡಬೇಕಾದ ಮದ್ದಾಯಿತು. ನಾಡು ಬದಲಾದಂತೆ ಮಾತ್ರವಲ್ಲ, ಕಾಲ ಬದಲಾದಂತೆಯೂ ರೋಗ ಬದಲಾಗುತ್ತದೆ. ಮಯೋಸಿಯವರು 2018ರ ಜುಲೈನಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಭಾರತದಲ್ಲಿಯೂ ಹೃದಯಾವರಣ ಬಿಗಿಯುವ ರೋಗಕ್ಕೆ ಕ್ಷಯವೇ ಪ್ರಮುಖ ಕಾರಣ. ಆದುದರಿಂದ ಇಬಾದಾನ್, ಕೇಪ್‌ಟೌನ್‌ಗಳ ವೈದ್ಯರು ಬರೆದಿಟ್ಟದ್ದು ನಮಗೂ ಹತ್ತಿರದ ಮಾತು. ಅವರ ಲೇಖನಗಳನ್ನು ಓದುವಾಗ ನನಗೆ ಪದೇ ಪದೇ ಎದುರಾಗುವುದು ಸಣ್ಣ ಸಣ್ಣ ಸಂಗತಿಗಳು: ಮಗುವಿನ ಕಾಲಿನ ಕುರುವಿಗೆ ಸಕಾಲದಲ್ಲಿ ಸಿಗದ ಔಷಧ, ಅಜ್ಜನ ಕೆಮ್ಮನ್ನು ಯಾರೂ ಪರೀಕ್ಷಿಸದ ಮನೆ, ಗಣಿಯಿಂದ ಮರಳಿದವನ ಎದೆಯ ಚಿತ್ರ ತೆಗೆಯದ ಊರು. ಹೃದಯದ ಚೀಲಕ್ಕೆ ಸೂಜಿ ಹಾಕುವಷ್ಟರಲ್ಲಿ ಇವೆಲ್ಲ ಆಗಿಹೋಗಿರುತ್ತವೆ. ಈ ಬೇನೆಯ ರೋಗಿ ಬಂದಾಗ, ಎದೆಗೆ ಸ್ಟೆತಾಸ್ಕೋಪು ಇಡುವ ಮುನ್ನ, ನೀನು ಎಲ್ಲಿಂದ ಬಂದೆ, ಏನು ಕೆಲಸ ಮಾಡುತ್ತಿದ್ದೆ, ನಿನ್ನ ಮನೆಯಲ್ಲಿ ಯಾರಿಗೆ ಕೆಮ್ಮು ಇದೆ ಎಂದು ಕೇಳುವಂತೆ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತೇನೆ. ಕಾರಣದ ಅರ್ಧಭಾಗ ಆ ಉತ್ತರಗಳಲ್ಲಿಯೇ ದೊರಕುತ್ತದೆ.